ಕೆರೆ ಅಂಗಳದ ಸೈಟು ಇನ್ನೂ ಕೂರುತ್ತಿದೆಯೇ? ಹಾಸನದಲ್ಲೊಂದು ರಾಡಾರ್ ಪ್ರಯೋಗ

ಬಿರುಕು ಬಿಟ್ಟ ಗೋಡೆಗೆ ಕೈ ಹಾಕುವ ಮೊದಲು ಗಾರೆ ಮೇಸ್ತ್ರಿ ಕೇಳುವುದು ಒಂದೇ ಪ್ರಶ್ನೆ: ನೆಲ ಕೂತು ಮುಗಿದಿದೆಯೋ, ಇನ್ನೂ ಕೂರುತ್ತಿದೆಯೋ? ಮುಗಿದಿದ್ದರೆ ಬಿರುಕು ತುಂಬಿ ಬಣ್ಣ ಬಳಿಯಬಹುದು. ಮುಗಿದಿಲ್ಲವಾದರೆ ಮೆತ್ತಿದ ಸಿಮೆಂಟು ಮುಂದಿನ ಬೇಸಿಗೆಗೆ ಮತ್ತೆ ಬಾಯಿ ಬಿಡುತ್ತದೆ. ಇದನ್ನು ತಿಳಿಯಲು ಮೇಸ್ತ್ರಿಗಳಲ್ಲಿ ಹಳೆಯ ಉಪಾಯವೊಂದಿದೆ. ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಇಟ್ಟು ಎರಡು ಕಡೆಯೂ ಸಿಮೆಂಟಿನಿಂದ ಹಿಡಿಸುತ್ತಾರೆ. ಗಾಜು ಒಡೆದರೆ ಗೋಡೆ ಇನ್ನೂ ಅಲುಗುತ್ತಿದೆ ಎಂದರ್ಥ. ಆದರೆ ಯಾವ ಬದಿ ಇಳಿಯಿತು, ಎಷ್ಟು ಇಳಿಯಿತು, ಯಾವ ವೇಗದಲ್ಲಿ ಇಳಿಯುತ್ತಿದೆ ಎಂಬುದನ್ನು ಗಾಜು ಹೇಳುವುದಿಲ್ಲ.

ಹಾಸನದ ಅಂಚಿನ ಒಂದು ಬಡಾವಣೆಯಲ್ಲಿ ನಮ್ಮ ಚಿಕ್ಕಪ್ಪನ ಮನೆಯಿದೆ. ಹಳೆಯ ಕೆರೆ ಅಂಗಳದ ಒಂದು ಮಗ್ಗುಲಿಗೆ ಮಣ್ಣು ತುಂಬಿಸಿ ಮಾಡಿದ ಸೈಟುಗಳು ಅವು. ಮನೆಯ ಪಿಲ್ಲರ್‌ಗಳನ್ನು ಗೋಡು ಮಣ್ಣು ದಾಟಿ ಗಟ್ಟಿ ನೆಲದವರೆಗೆ ಇಳಿಸಿದ್ದರಿಂದ ಮನೆ ನೆಟ್ಟಗಿದೆ. ಕಾಂಪೌಂಡ್ ಗೋಡೆ, ಪೋರ್ಟಿಕೋ ಮುಂದಿನ ಚಪ್ಪಡಿ, ಸಂಪಿನ ಸುತ್ತಲಿನ ನೆಲ ಮಾತ್ರ ಇಳಿದಿವೆ. ಬಡಾವಣೆಯ ಹೆಸರು ಇಲ್ಲಿ ಬರೆಯುತ್ತಿಲ್ಲ. ಸೈಟಿನ ರೇಟು ಬಿದ್ದರೆ ಬೈಸಿಕೊಳ್ಳಬೇಕಾದವನು ನಾನು. 2023ರ ಜನವರಿಯಲ್ಲಿ ಜೋಶಿಮಠ 12 ದಿನಗಳಲ್ಲಿ 5.4 ಸೆಂಟಿಮೀಟರ್ ಕುಸಿದಿದೆ ಎಂಬ ಎನ್‌ಆರ್‌ಎಸ್‌ಸಿ (ಇಸ್ರೋದ ದೂರಸಂವೇದಿ ಕೇಂದ್ರ) ವರದಿ ಬಂದು, ಗದ್ದಲವಾಗಿ, ಜಾಲತಾಣದಿಂದ ಮಾಯವಾದದ್ದು ನೆನಪಿರಬಹುದು. ನೆಲ ಇಳಿಯುವ ಅಂಕಿ ಒಂದು ಸಲ ಊರಿನ ಬಾಯಿಗೆ ಬಿದ್ದರೆ ಅದಕ್ಕೆ ವಿವರಣೆ ಕೊಡುತ್ತ ಕೂರಲು ಆಗುವುದಿಲ್ಲ.

ಬಡಾವಣೆ ನಕ್ಷೆ ಬರೆಯುವುದೇ ನನ್ನ ಕಸುಬು. ಹಾಗಾಗಿ ಮೇಸ್ತ್ರಿಯ ಪ್ರಶ್ನೆಯನ್ನು ಉಪಗ್ರಹಕ್ಕೇ ಕೇಳಿ ನೋಡೋಣ ಅನ್ನಿಸಿತು.

ಮೊದಲ ಸುತ್ತು: ಮನೆಯಲ್ಲೇ ಕೂತು

ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಸೆಂಟಿನೆಲ್-1 ಸುಮಾರು 693 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ ನೆಲಕ್ಕೆ ಓರೆಯಾಗಿ ರೇಡಿಯೋ ಅಲೆ ಬಿಡುತ್ತದೆ, ಮರಳಿ ಬಂದದ್ದನ್ನು ದಾಖಲಿಸುತ್ತದೆ. ಬೆಳಕು ಬೇಕಿಲ್ಲ, ಮೋಡ ಅಡ್ಡಿಯಲ್ಲ. ಮೊದಲನೆಯದು, 1ಎ, ಹಾರಿದ್ದು 2014ರ ಏಪ್ರಿಲ್‌ನಲ್ಲಿ. ಜೊತೆಗಾರ 1ಬಿ 2021ರ ಡಿಸೆಂಬರ್‌ನಲ್ಲಿ ಕೆಟ್ಟಿತು. 2024ರ ಡಿಸೆಂಬರ್‌ನಲ್ಲಿ 1ಸಿ ಹೋಯಿತು. ಒಂದು ಉಪಗ್ರಹ ಅದೇ ದಾರಿಗೆ ಮತ್ತೆ ಬರುವುದು 12 ದಿನಕ್ಕೊಮ್ಮೆ. ಇಳಿದಾರಿಯಲ್ಲಿ, ಅಂದರೆ ಉತ್ತರದಿಂದ ದಕ್ಷಿಣಕ್ಕೆ ಸಾಗುವಾಗ, ನಮ್ಮ ಕಡೆ ಹಾಯುವುದು ಬೆಳಗ್ಗೆ ಆರು ಹೊಡೆದ ಮೇಲೆ. ಹಾಲಿನವನು ಬರುವ ಹೊತ್ತಿಗೆ ಕೆಲಸ ಮುಗಿಸಿ ಹೋಗಿರುತ್ತದೆ.

ಅಲೆಯ ಉದ್ದ ಸುಮಾರು 5.55 ಸೆಂಟಿಮೀಟರ್. ಒಂದೇ ಜಾಗದಿಂದ ಎರಡು ತಾರೀಖಿನಲ್ಲಿ ಮರಳಿದ ಅಲೆಗಳ ಹಂತವನ್ನು (ಫೇಸ್, ಅಂದರೆ ಅಲೆ ತನ್ನ ಏರಿಳಿತದ ಯಾವ ಘಟ್ಟದಲ್ಲಿ ಮರಳಿತು ಎಂಬುದನ್ನು) ಕಳೆದು ನೋಡಿದರೆ ದೂರ ಎಷ್ಟು ಬದಲಾಯಿತು ಎಂಬುದು ಸಿಗುತ್ತದೆ. ಅಲೆ ಹೋಗಿಬರುವುದರಿಂದ, ನೆಲ ಉಪಗ್ರಹದ ದಿಕ್ಕಿನಲ್ಲಿ 2.8 ಸೆಂಟಿಮೀಟರ್ ಸರಿದರೆ ಒಂದು ಪೂರ್ತಿ ಸುತ್ತು. ಸುತ್ತಿನ ಹತ್ತನೇ ಒಂದು ಪಾಲನ್ನು ಓದಬಲ್ಲೆವಾದರೆ ಮಿಲಿಮೀಟರ್ ಲೆಕ್ಕಕ್ಕೆ ಇಳಿದಂತೆ. ಇದಕ್ಕೆ ಇನ್‌ಸಾರ್ ಅನ್ನುತ್ತಾರೆ. ಮೆಕ್ಸಿಕೋ ನಗರದ ಕೆಲವು ಭಾಗ ವರ್ಷಕ್ಕೆ 50 ಸೆಂಟಿಮೀಟರಿನ ಹತ್ತಿರ ಇಳಿಯುತ್ತಿದೆ ಎಂದು ಅಳೆದದ್ದು ಹೀಗೆಯೇ. ಅಲ್ಲೂ ಊರು ಕೂತಿರುವುದು ಹಳೆಯ ಕೆರೆಯ ಜೇಡಿಯ ಮೇಲೆ. ಅಡಿಯ ನೀರನ್ನು ಎತ್ತಿದಷ್ಟೂ ಜೇಡಿ ಅಮುಕುತ್ತ ಹೋಗುತ್ತದೆ. ಹಾಸನದ ಕಥೆ ಬೇರೆ. ನಮ್ಮ ಕೆಳಗಿರುವುದು ನೈಸ್ ಎಂಬ ಗಟ್ಟಿ ಕಲ್ಲು, ಗ್ರಾನೈಟ್. ಬೋರ್‌ವೆಲ್ ನೀರು ಬರುವುದು ಕಲ್ಲಿನ ಬಿರುಕುಗಳಿಂದ. ನೀರು ಬತ್ತಿದರೂ ಕಲ್ಲು ಅಮುಕುವುದಿಲ್ಲ. ಹಾಗಾಗಿ ಬೋರ್‌ವೆಲ್ ಜಾಸ್ತಿಯಾಗಿ ಇಡೀ ಹಾಸನವೇ ಇಳಿಯುತ್ತದೆ ಎಂದು ಯಾರಾದರೂ ಹೆದರಿಸಿದರೆ ತಲೆ ಕೆಡಿಸಿಕೊಳ್ಳಬೇಡಿ. ಇಲ್ಲಿ ನೋಡಬೇಕಾದ್ದು ತುಂಬಿಸಿದ ಮಣ್ಣನ್ನು ಮಾತ್ರ.

ಮೊದಲ ಸುತ್ತಿಗೆ ಅಲಾಸ್ಕಾ ಸ್ಯಾಟಲೈಟ್ ಫೆಸಿಲಿಟಿಯ ಹೈಪ್3 ಸೇವೆ ಸಾಕಾಯಿತು. ಖಾತೆ ತೆರೆದು ತಾರೀಖಿನ ಜೋಡಿಗಳನ್ನು ಆರಿಸಿದರೆ ಅವರ ಯಂತ್ರವೇ ಇಂಟರ್‌ಫೆರೋಗ್ರಾಮ್, ಅಂದರೆ ಎರಡು ತಾರೀಖಿನ ಹಂತದ ವ್ಯತ್ಯಾಸದ ಚಿತ್ರ, ಮಾಡಿಕೊಡುತ್ತದೆ, ತಿಂಗಳಿಗೆ ಇಷ್ಟು ಎಂದು ಉಚಿತವಾಗಿ. ಪ್ರತಿ ತಾರೀಖನ್ನೂ ಮುಂದಿನ ಎರಡು ಮೂರು ತಾರೀಖುಗಳ ಜೊತೆ ಜೋಡಿಸಿದೆ. ಬಂದದ್ದನ್ನೆಲ್ಲ ಮಿಂಟ್‌ಪೈ ಎಂಬ ಉಚಿತ ತಂತ್ರಾಂಶಕ್ಕೆ ಕೊಟ್ಟರೆ ಕಾಲಕ್ರಮದ ಗ್ರಾಫು ಬರುತ್ತದೆ.

ಇಲ್ಲಿ ಒಂದು ಮಾತು. ಇನ್‌ಸಾರ್ ಹೇಳುವುದು ಸಾಪೇಕ್ಷ ಚಲನೆ. ಯಾವುದೋ ಒಂದು ಪಿಕ್ಸೆಲ್ ಕದಲುವುದೇ ಇಲ್ಲ ಎಂದು ಹಿಡಿದು, ಮಿಕ್ಕದ್ದನ್ನೆಲ್ಲ ಅದಕ್ಕೆ ಹೋಲಿಸಿ ಹೇಳುತ್ತದೆ. ನಾವು ಹೇಳದೆ ಬಿಟ್ಟರೆ ಮಿಂಟ್‌ಪೈ ಕೊಹೆರೆನ್ಸ್ (ಅಲೆ ಪ್ರತಿ ಸಲ ಒಂದೇ ರೀತಿ ಮರಳುವ ಗುಣ) ಚೆನ್ನಾಗಿರುವ ಒಂದು ಪಿಕ್ಸೆಲ್ಲನ್ನು ತಾನೇ ಆರಿಸಿಕೊಳ್ಳುತ್ತದೆ. ಅದು ತುಂಬಿಸಿದ ಮಣ್ಣಿನ ಮೇಲಿನ ಗೋಡೌನ್ ಆಗಿದ್ದರೆ ಊರೆಲ್ಲ ಮೇಲೇಳುತ್ತಿರುವ ಹಾಗೆ ಕಾಣುತ್ತದೆ. ಬಣ್ಣದ ನಕ್ಷೆಯನ್ನು ಯಾರಾದರೂ ತೋರಿಸಿದರೆ ಮೊದಲು ಆಧಾರ ಬಿಂದು ಎಲ್ಲಿದೆ ಎಂದು ಕೇಳಿ. ಉತ್ತರ ಬರದಿದ್ದರೆ ನಕ್ಷೆಯನ್ನು ನಂಬಬೇಡಿ. ನಾನು ಬಡಾವಣೆಯಿಂದ ಕಿಲೋಮೀಟರ್ ದೂರದೊಳಗೆ, ಹಾಸುಬಂಡೆಯ ಮೇಲೆ ಕಟ್ಟಿದ ಹಳೆಯ ಕಲ್ಲುಕಟ್ಟಡವೊಂದನ್ನು ಆರಿಸಿಕೊಂಡೆ.

ಪೇಟೆಯ ಒಳಗೆ ಚಿತ್ರ ಚೊಕ್ಕಟವಾಗಿ ಬಂತು. ಗೋಡೆ, ಗ್ರಿಲ್, ತಾರಸಿಯ ಅಂಚು ಎಲ್ಲವೂ ವರ್ಷಗಟ್ಟಲೆ ಒಂದೇ ರೀತಿ ಅಲೆ ಹಿಂದಿರುಗಿಸುತ್ತವೆ. ಬೇಕಾಗಿದ್ದ ಬಡಾವಣೆಯಲ್ಲಿ ಮಾತ್ರ ಗೊಂದಲ. ಅರ್ಧ ಸೈಟುಗಳು ಖಾಲಿ. ಅವುಗಳ ತುಂಬ ಹುಲ್ಲು, ಕಾಂಗ್ರೆಸ್ ಗಿಡ. ಮಳೆಗಾಲದಲ್ಲಿ 12 ದಿನದೊಳಗೆ ಮೊಳಕಾಲೆತ್ತರ ಬೆಳೆಯುವ ಗಿಡ ಹೋದ ಸಲದಂತೆ ಅಲೆ ಮರಳಿಸುವುದು ಹೇಗೆ? ಅದರ ಮೇಲೆ ಪಿಕ್ಸೆಲ್ಲಿನ ಗಾತ್ರ. 40 ಮೀಟರಿನ ಪಿಕ್ಸೆಲ್ ಒಂದರೊಳಗೆ ಮೂವತ್ತು-ನಲವತ್ತರ ಸೈಟು ಹನ್ನೆರಡು ಹದಿಮೂರು ಹಿಡಿಸುತ್ತವೆ. ಮನೆ ಕಾಣಿಸುವ ಕಡೆ ಕಾಣುವುದೂ ಮನೆಯ ಚಲನೆ, ಅಂದರೆ ಗಟ್ಟಿ ನೆಲ ಮುಟ್ಟಿದ ಪಿಲ್ಲರಿನ ಚಲನೆ. ನಮಗೆ ಬೇಕಿದ್ದದ್ದು ಕಾಂಪೌಂಡಿನ ಬುಡದ ಮಣ್ಣು.

ಹಾಗಾದರೆ ಆ ಮಣ್ಣಿನ ಮೇಲೆ ರಾಡಾರಿಗೆ ಕಾಣುವಂಥ ವಸ್ತುವೊಂದನ್ನು ನಾವೇ ಇಡಬೇಕು.

ಮೂಲೆ ಕಟ್ಟಿದ್ದು

ಆ ವಸ್ತುವಿನ ಹೆಸರು ಕಾರ್ನರ್ ರಿಫ್ಲೆಕ್ಟರ್. ಮೂರು ಲೋಹದ ತ್ರಿಕೋನಗಳನ್ನು ಕೋಣೆಯ ಮೂಲೆಯಂತೆ ಒಂದಕ್ಕೊಂದು ಲಂಬವಾಗಿ ಕೂಡಿಸಿದ್ದು. ಕೇರಂ ಬೋರ್ಡಿನ ಎರಡು ಅಂಚು ತಟ್ಟಿದ ಸ್ಟ್ರೈಕರ್ ಬಂದ ದಿಕ್ಕಿಗೇ ತಿರುಗುವ ಹಾಗೆ, ಮೂರು ಮುಖ ತಟ್ಟಿದ ಅಲೆ ನೇರ ಉಪಗ್ರಹಕ್ಕೇ ವಾಪಸು ಹೋಗುತ್ತದೆ.

ಎಷ್ಟು ದೊಡ್ಡದು ಬೇಕು? ಅದು ರಾಡಾರಿಗೆ ಎಷ್ಟು ಅಗಲವಾಗಿ ಕಾಣುತ್ತದೆ ಎಂಬುದಕ್ಕೆ ಸೂತ್ರ ಸರಳ: ಬದಿಯ ಉದ್ದದ ನಾಲ್ಕನೇ ಘಾತವನ್ನು 4π ಇಂದ ಗುಣಿಸಿ, ಅಲೆಯುದ್ದದ ವರ್ಗದ ಮೂರು ಪಟ್ಟಿನಿಂದ ಭಾಗಿಸಿ. ಬದಿ 75 ಸೆಂಟಿಮೀಟರ್ ಆದರೆ ಸುಮಾರು 430 ಚದರ ಮೀಟರ್ ಬರುತ್ತದೆ. ಸುತ್ತಲಿನ ಹುಲ್ಲು, ಮಣ್ಣು ಎಲ್ಲ ಸೇರಿ ಆ ಒಂದು ಪಿಕ್ಸೆಲ್ಲಿನಲ್ಲಿ ಮರಳಿಸುವುದು ಇದರ ಮುಂದೆ ಬಹಳ ಕಡಿಮೆ. ನಾಲ್ಕನೇ ಘಾತ ಎಂಬುದನ್ನು ಮರೆಯಬೇಡಿ. ದುಡ್ಡು ಉಳಿಸಲು ಬದಿಯನ್ನು ಅರ್ಧ ಮಾಡಿದರೆ ಶಕ್ತಿ ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ.

75 ಆರಿಸಿದ್ದಕ್ಕೆ ಇನ್ನೊಂದು ಕಾರಣ ತಗಡಿನ ಅಳತೆ. ಅಲ್ಯೂಮಿನಿಯಂ ಶೀಟು ಸಿಗುವುದು ಎಂಟು-ನಾಲ್ಕು ಅಡಿಗೆ. ಉದ್ದಕ್ಕೆ 75ರ ಚೌಕ ಸರಿಯಾಗಿ ಮೂರು ಕೂರುತ್ತವೆ. ಒಂದೊಂದು ಚೌಕವನ್ನು ಕರ್ಣದ ಗುಂಟ ಕತ್ತರಿಸಿದರೆ ಆರು ತ್ರಿಕೋನ. ಒಂದೇ ಶೀಟಿನಲ್ಲಿ ಎರಡು ರಿಫ್ಲೆಕ್ಟರ್. ನನಗೆ ಬೇಕಿದ್ದದ್ದೂ ಎರಡೇ: ಒಂದು ಚಿಕ್ಕಪ್ಪನ ಅಂಗಳಕ್ಕೆ, ಇನ್ನೊಂದು ಹಾಸುಬಂಡೆಯ ಮೇಲಕ್ಕೆ. ಎರಡೂ ಕಿಲೋಮೀಟರಿನೊಳಗೆ ಇರುವುದರಿಂದ ಬೆಳಗಿನ ಮಂಜು, ಗಾಳಿಯ ತೇವ ಎರಡರ ಅಲೆಯನ್ನೂ ಹೆಚ್ಚುಕಡಿಮೆ ಒಂದೇ ರೀತಿ ತಡಮಾಡುತ್ತವೆ. ಒಂದರಿಂದ ಇನ್ನೊಂದನ್ನು ಕಳೆದರೆ ಆ ತಪ್ಪು ಬಹುಪಾಲು ಹೊರಟುಹೋಗುತ್ತದೆ. ದೂರದ ಎರಡು ಬಿಂದುಗಳ ನಡುವೆ ಈ ತೇವವೊಂದೇ ಸೆಂಟಿಮೀಟರುಗಟ್ಟಲೆ ಸುಳ್ಳು ಚಲನೆ ತೋರಿಸಬಲ್ಲದು.

ಗ್ರಿಲ್ ಕೆಲಸದ ಅಂಗಡಿಯಲ್ಲಿ ಅಲ್ಯೂಮಿನಿಯಂ ಬೆಸೆಯುವುದಿಲ್ಲ. ಅದಕ್ಕೆ ಆರ್ಗಾನ್ ವೆಲ್ಡಿಂಗ್ ಬೇಕು. ಅಂಚುಗಳಿಗೆ ಅಲ್ಯೂಮಿನಿಯಂ ಎಲ್ ಆಂಗಲ್ ಕೊಟ್ಟು ಪಾಪ್ ರಿವೆಟ್ ಹೊಡೆಸಿದೆವು. ಅಂಗಡಿಯ ಅಣ್ಣ ಮೂಲೆಮಟ್ಟ ಹಿಡಿದು ತಿಣುಕುತ್ತಿದ್ದರು. ಅದರ ಅಗತ್ಯವೇ ಇರಲಿಲ್ಲ. ಮೂರೂ ತ್ರಿಕೋನಗಳು ಸರಿಯಾದ ಅಳತೆಯವಾಗಿದ್ದರೆ, ಅಂಚಿಗೆ ಅಂಚು ಕೂಡಿಸಿದಾಗ ಮೂಲೆ ತಾನಾಗಿ ಮಟ್ಟಕ್ಕೆ ಬರುತ್ತದೆ, ಬೇರೆ ಥರ ಕೂರಲು ಅದಕ್ಕೆ ದಾರಿಯೇ ಇಲ್ಲ. ಆದ್ದರಿಂದ ಎಚ್ಚರ ಬೇಕಾದ್ದು ಕತ್ತರಿಸುವಾಗ. ಪ್ರತಿ ತ್ರಿಕೋನದ ಉದ್ದನೆಯ ಬದಿ 106.1 ಸೆಂಟಿಮೀಟರ್ ಇರಬೇಕು. ಅಲ್ಲಿ ಒಂಬತ್ತು ಮಿಲಿಮೀಟರ್ ತಪ್ಪಿದರೆ ಕೋನ ಒಂದು ಡಿಗ್ರಿ ತಪ್ಪುತ್ತದೆ, ಅಷ್ಟಕ್ಕೇ ಮರಳುವ ಶಕ್ತಿ ಕಣ್ಣಿಗೆ ಕಾಣುವಷ್ಟು ಸೋರುತ್ತದೆ. ಶೀಟು ಮೂರು ಮಿಲಿಮೀಟರ್ ದಪ್ಪದ್ದು. ತೆಳುವಾದರೆ ಬಿಸಿಲಿಗೆ ಉಬ್ಬಿ ಮುಖ ಚಪ್ಪಟೆಯಾಗಿ ಉಳಿಯುವುದಿಲ್ಲ.

"ಇದೇನ್ ಸಾರ್, ಎಂಸಿಎಫ್‌ಗಾ?" ಅಂದರು ಅಣ್ಣ. 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇಟ್ಟುಕೊಂಡಿರುವ ಊರಲ್ಲವೇ. ಆಕಾಶಕ್ಕೆ ಮುಖ ಮಾಡಿದ ಲೋಹವೆಲ್ಲ ಅವರದ್ದೇ.

"ಅಲ್ಲ ಅಣ್ಣ, ನಮ್ ಚಿಕ್ಕಪ್ಪನ ಮನೆ ಅಂಗಳಕ್ಕೆ."

"ಕೋತಿ ಓಡ್ಸಕ್ಕಾ?"

ಆಮೇಲೆ ಬೀದಿಯವರು ಕೇಳಿದ್ದೂ ಇದನ್ನೇ. ಹೂಂ ಅಂದುಬಿಟ್ಟಿದ್ದರೆ ನಾಲ್ಕು ಆರ್ಡರ್ ಸಿಗುತ್ತಿತ್ತೋ ಏನೋ.

ನಿಲ್ಲಿಸಿದ್ದು

ಇಳಿದಾರಿಯಲ್ಲಿ ಸೆಂಟಿನೆಲ್ ದಕ್ಷಿಣಕ್ಕೆ ಹೋಗುತ್ತ ತನ್ನ ಬಲಕ್ಕೆ, ಅಂದರೆ ಪಶ್ಚಿಮಕ್ಕೆ ನೋಡುತ್ತದೆ. ನಮ್ಮಿಂದ ನೋಡಿದರೆ ಅದು ಪೂರ್ವದ ಆಕಾಶದಲ್ಲಿರುತ್ತದೆ. ಮೂಲೆಯ ಬಾಯಿ ನೇರ ಪೂರ್ವಕ್ಕಿಂತ ಸುಮಾರು 12 ಡಿಗ್ರಿ ದಕ್ಷಿಣಕ್ಕೆ ತಿರುಗಿರಬೇಕು. ಫೋನಿನ ದಿಕ್ಸೂಚಿಯನ್ನು ಕಬ್ಬಿಣದ ಗೇಟಿನ ಪಕ್ಕ ನಂಬುವಂತಿಲ್ಲ. ನಕ್ಷೆಯಲ್ಲಿ ಅಂಗಳದಿಂದ ಆ ದಿಕ್ಕಿಗೆ ಗೆರೆ ಎಳೆದು, ಗೆರೆ ಹಾದುಹೋಗುವ ದೂರದ ಓವರ್‌ಹೆಡ್ ಟ್ಯಾಂಕೊಂದಕ್ಕೆ ಕಣ್ಣಳತೆ ಹಿಡಿದೆ. ಎರಡು ಮೂರು ಡಿಗ್ರಿ ಆಚೀಚೆಯಾದರೂ ನಡೆಯುತ್ತದೆ, ಈ ಆಕಾರದ ದೊಡ್ಡ ಗುಣ ಅದು.

ಓರೆಯ ಲೆಕ್ಕ ಹೀಗೆ. ಆಪಾತ ಕೋನ, ಅಂದರೆ ಅಲೆ ನೆಟ್ಟಗಿನ ಗೆರೆಯಿಂದ ಎಷ್ಟು ಓರೆಯಾಗಿ ಬೀಳುತ್ತದೆ ಎಂಬುದು, 38 ಡಿಗ್ರಿ ಅಂದುಕೊಳ್ಳಿ. ನಿಮ್ಮ ಜಾಗಕ್ಕೆ ಎಷ್ಟು ಎಂಬುದು ಚಿತ್ರದ ಫೈಲಿನಲ್ಲೇ ಇರುತ್ತದೆ. ಆಗ ಉಪಗ್ರಹ ನೆಲದಿಂದ 52 ಡಿಗ್ರಿ ಮೇಲಿರುತ್ತದೆ. ತಳದ ತಗಡು ಮಟ್ಟವಾಗಿದ್ದಾಗ ಮೂಲೆ ನೋಡುವುದು ಸುಮಾರು 35 ಡಿಗ್ರಿ ಮೇಲಕ್ಕೆ. ಉಳಿದ 17 ಡಿಗ್ರಿಗೆ ತಳದ ಮುಂಚಾಚನ್ನು ಎತ್ತಬೇಕು. ಮೂಲೆಯಿಂದ ಮುಂಚಾಚಿನ ನಡುವಿಗೆ 53 ಸೆಂಟಿಮೀಟರ್ ಇರುವುದರಿಂದ ಮುಂಭಾಗ ಸುಮಾರು 15 ಸೆಂಟಿಮೀಟರ್ ಮೇಲೇಳುತ್ತದೆ. ರಸಮಟ್ಟ, ಅಳತೆ ಟೇಪು, ಒಂದಿಷ್ಟು ಇಟ್ಟಿಗೆ ಚೂರು ಸಾಕು. ಮುಂದೆ ಎತ್ತಿದ್ದರಿಂದ ಮಳೆನೀರು ಹಿಂದಿನ ಮೂಲೆಯಲ್ಲೇ ನಿಲ್ಲುತ್ತದೆ. ಅಲ್ಲೊಂದು ತೂತು ಕೊರೆಯಲೇಬೇಕು, ಒಂದು ಸೆಂಟಿಮೀಟರಿಗಿಂತ ದೊಡ್ಡದು ಬೇಡ. ಅಲೆಯುದ್ದಕ್ಕಿಂತ ಬಹಳ ಚಿಕ್ಕ ತೂತು ರಾಡಾರಿಗೆ ಕಾಣುವುದೇ ಇಲ್ಲ. ತೂತಿಗೆ ಎಲೆ ಕಟ್ಟಿಕೊಳ್ಳುತ್ತದೆ, ಆಗಾಗ ಕಡ್ಡಿ ಹಾಕಬೇಕು. ಗೊರವಂಕ ಗೂಡು ಕಟ್ಟಲು ನೋಡಿದಾಗ ಚಿಕ್ಕಮ್ಮ ಬೇಡವೆಂದರೂ ತೆಗೆದೆ.

ಬುಡದ ವಿಷಯದಲ್ಲಿ ಎರಡೂ ಕಡೆ ಬೇರೆ ಬೇರೆ. ಬಂಡೆಯ ಮೇಲೆ ಡ್ರಿಲ್ ಮಾಡಿ ಆಂಕರ್ ಬೋಲ್ಟ್ ಹಾಕಿ ಬಿಗಿದದ್ದು, ಅದು ಕದಲಬಾರದು. ಅಂಗಳದ್ದಕ್ಕೆ ಮಾತ್ರ ಆಳದ ಪಾಯ ಕೂಡದು, ಯಾಕೆಂದರೆ ಮಣ್ಣಿನ ಜೊತೆ ಅದೂ ಇಳಿಯಬೇಕು. ಮೇಲ್ಮಣ್ಣು ತೆಗೆದು ಅಗಲವಾದ ತೆಳು ಕಾಂಕ್ರೀಟ್ ಪಟ್ಟಿ ಹಾಕಿ, ಮೇಲೆ ರಿಫ್ಲೆಕ್ಟರ್ ಕೂರಿಸಿದೆವು. ತಗಡಿನ ತೂಕ ಏಳು ಕೆಜಿ ಆಸುಪಾಸು. ಅದರ ಭಾರಕ್ಕೇ ಪಟ್ಟಿ ಇಳಿಯಿತು ಎನ್ನುವಂತಿಲ್ಲ. ಬಂಡೆಯ ಮೇಲಿನದಕ್ಕೆ ಗುಜರಿಯವರ ಭಯವಿದ್ದುದರಿಂದ ಬೋಲ್ಟಿನ ತಲೆಗಳನ್ನು ಜಜ್ಜಿ ಬಿಟ್ಟೆವು.

ಕಂಡಿತೇ?

ಇಲ್ಲಿ ಹೈಪ್3 ನಡೆಯುವುದಿಲ್ಲ. ಅದು ಹಲವು ಪಿಕ್ಸೆಲ್ಲುಗಳನ್ನು ಸರಾಸರಿ ಮಾಡಿ ಕೊಡುವುದರಿಂದ ನಮ್ಮ ಮೂಲೆ ನೆರೆಹೊರೆಯಲ್ಲಿ ಕಲಸಿಹೋಗುತ್ತದೆ. ಪೂರ್ಣ ವಿವರದ ಮೂಲ ಚಿತ್ರವೇ ಬೇಕು. ಇಡೀ ದೃಶ್ಯ ನಾಲ್ಕೈದು ಜಿಬಿ ಆದರೂ, ಬರ್ಸ್ಟ್ ಎಂಬ ಸಣ್ಣ ತುಂಡನ್ನಷ್ಟೇ ಇಳಿಸಿಕೊಳ್ಳಬಹುದು. ಅದು ನೂರೈವತ್ತು ಎಂಬಿ ಆಸುಪಾಸು, ಫೋನಿನ ಹಾಟ್‌ಸ್ಪಾಟಿಗೂ ಭಾರವಲ್ಲ. ಸ್ನ್ಯಾಪ್ ತಂತ್ರಾಂಶದಲ್ಲಿ ಎಲ್ಲ ತಾರೀಖುಗಳನ್ನು ಒಂದರ ಮೇಲೊಂದು ಕೂರಿಸಿ ನೋಡಿದೆ. ಮೂಲೆ ನಿಲ್ಲಿಸುವ ಮುಂಚಿನ ಚಿತ್ರಗಳಲ್ಲಿ ಅಂಗಳ ಮಬ್ಬು. ಆಮೇಲಿನ ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ ಬಿಳಿ ಚುಕ್ಕಿ. ಬಂಡೆಯ ಮೇಲೂ ಒಂದು. ಚಿಕ್ಕಪ್ಪನಿಗೆ ತೋರಿಸಿದೆ. "ಇಷ್ಟೇನಾ?" ಅಂದರು.

ಎರಡು ಚುಕ್ಕಿಗಳ ಹಂತ ಓದಿ, ಕಳೆದು, ಮಿಲಿಮೀಟರಿಗೆ ತಿರುಗಿಸುವುದು ಸ್ಪ್ರೆಡ್‌ಶೀಟಿನ ಕೆಲಸ. ಎರಡು ಸಂಗತಿ ಗಮನಿಸಬೇಕು. ಉಪಗ್ರಹ ಪ್ರತಿ ಸಲ ಅದೇ ಗೆರೆಯಲ್ಲಿ ಹಾಯುವುದಿಲ್ಲ. ಆ ಅಂತರ 100 ಮೀಟರ್ ಇದ್ದಾಗ, ಎರಡು ಮೂಲೆಗಳ ಎತ್ತರದ ವ್ಯತ್ಯಾಸವನ್ನು 10 ಮೀಟರ್ ತಪ್ಪಾಗಿ ಕೊಟ್ಟಿದ್ದರೆ ಸುಮಾರು 2 ಮಿಲಿಮೀಟರ್ ಸುಳ್ಳು ಚಲನೆ ಸೇರುತ್ತದೆ. ಆಟೋ ಲೆವೆಲ್ ಬಾಡಿಗೆಗೆ ತಂದು ಎತ್ತರ ಸರಿಮಾಡಿಕೊಂಡೆ. ಎರಡನೆಯದು, ಸಿಗುವುದು ಓರೆ ದಿಕ್ಕಿನ ಚಲನೆ. ನೆಲ ನೇರ ಕೆಳಗಿಳಿಯುತ್ತಿದೆ ಎಂದು ಹಿಡಿದರೆ ಆಪಾತ ಕೋನದ ಕೊಸೈನಿನಿಂದ ಭಾಗಿಸಬೇಕು. 38 ಡಿಗ್ರಿಗೆ ಅದು 0.79, ಅಂದರೆ ಓರೆಯಲ್ಲಿ 8 ಮಿಲಿಮೀಟರ್ ಕಂಡರೆ ನೇರಕ್ಕೆ ಸುಮಾರು 10.

ಇದಕ್ಕೆ ಸಾಕ್ಷಿಯಾಗಿ ಮೇಸ್ತ್ರಿಯ ಲೆವೆಲ್ ಪೈಪನ್ನೂ ಇಟ್ಟುಕೊಂಡೆವು. ಮನೆಯ ಪಿಲ್ಲರ್ ಮೇಲೊಂದು ಗೆರೆ, ಕಾಂಕ್ರೀಟ್ ಪಟ್ಟಿಯ ಪಕ್ಕ ಒಂದು ಗೂಟ. ನೀರು ತುಂಬಿದ ಪಾರದರ್ಶಕ ಪೈಪು ಎರಡರ ವ್ಯತ್ಯಾಸ ಹೇಳುತ್ತದೆ. ರಾಡಾರ್ ಅಳೆಯುವುದು ಬಂಡೆಗೂ ಪಟ್ಟಿಗೂ ನಡುವಿನದ್ದು, ಪೈಪು ಅಳೆಯುವುದು ಪಿಲ್ಲರಿಗೂ ಪಟ್ಟಿಗೂ ನಡುವಿನದ್ದು. ಎರಡೂ ಒಂದೇ ಹೇಳಿದರೆ ಪಿಲ್ಲರು ಬಂಡೆಯಷ್ಟೇ ಗಟ್ಟಿ ನಿಂತಿದೆ ಎಂದಾಯಿತು. ಹಾಗೇ ಆಯಿತು. ಇಡೀ ಪ್ರಯೋಗದಲ್ಲಿ ಚಿಕ್ಕಪ್ಪನಿಗೆ ನಿಜವಾಗಿ ನೆಮ್ಮದಿ ಕೊಟ್ಟದ್ದು ಇದೊಂದೇ.

ಅಂಗಳದ ಮಣ್ಣು ಮಾತ್ರ ಆಟವಾಡಿಸಿತು. ಮುಂಗಾರು ಹಿಡಿದ ಮೇಲೆ ಪಟ್ಟಿ ಇಳಿಯುವುದು ಬಿಟ್ಟು ಏರತೊಡಗಿತು. ಕೆಳಗಿನ ಗೋಡು ಜೇಡಿ ನೀರು ಕುಡಿದು ಉಬ್ಬುವುದು ಅದಕ್ಕೆ ಕಾರಣ. ದೀಪಾವಳಿ ಕಳೆದು ಒಣಗಿದಂತೆ ಕೂರುತ್ತ ಬಂತು, ಬೇಸಿಗೆಯ ಕೊನೆಗೆ ಶುರುವಿಗಿಂತ ಕೆಲವೇ ಮಿಲಿಮೀಟರ್ ಕೆಳಗೆ ನಿಂತಿತು. ಮಾರ್ಚ್‌ನಿಂದ ಮೇವರೆಗೆ ಮಾತ್ರ ಅಳೆದವನು ಮನೆ ಮುಳುಗುತ್ತಿದೆ ಅನ್ನುತ್ತಿದ್ದ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಳೆದವನು ಏನೂ ಆಗಿಲ್ಲ ಅನ್ನುತ್ತಿದ್ದ. ವರ್ಷ ತುಂಬದೆ ಇಂಥ ಮಣ್ಣಿನ ಬಗ್ಗೆ ಮಾತಾಡಬಾರದು.

ಮೇಸ್ತ್ರಿಗೆ ಈ ಗ್ರಾಫು ನಾನು ಅಂದುಕೊಂಡದ್ದಕ್ಕಿಂತ ಬೇಗ ಅರ್ಥವಾಯಿತು. "ತುಂಬಿದ ಮಣ್ಣು ಕೂತಿದ್ದು ಮುಕ್ಕಾಲು ಮುಗೀತು ಬುಡಿ ಸಾರ್. ಈಗ ಉಸಿರಾಡ್ತಾ ಐತೆ ಅಷ್ಟೆ. ಕಾಂಪೌಂಡು ಮನೆಗೆ ಕಚ್ಕೊಂಡಿರದೇ ತಪ್ಪು." ಮನೆ ಗೋಡೆಗೆ ಸೇರಿದ್ದ ಕಡೆ ಕಾಂಪೌಂಡನ್ನು ಬಿಡಿಸಿ ಸಂದು ಕೊಟ್ಟರು. ಚಪ್ಪಡಿಯನ್ನು ಕಿತ್ತು ಮತ್ತೆ ಹಾಸಿದ್ದು ಗಾರೆಯ ಮೇಲಲ್ಲ, ಮರಳಿನ ಮೇಲೆ. ಮಣ್ಣು ಏರಿಳಿದರೂ ಸೀಳುವುದಿಲ್ಲ.

ಇದೇ ಜೋಡಿ ಮೂಲೆ ಸಕಲೇಶಪುರದ ಕಡೆ ಇಟ್ಟರೆ ಹೇಗೆ ಎಂದು ಗೆಳೆಯರು ಕೇಳುತ್ತಾರೆ. 2021ರ ಜುಲೈನಲ್ಲಿ ದೋಣಿಗಾಲ್ ಬಳಿ ಹೆದ್ದಾರಿ ಕುಸಿದದ್ದು ಎಲ್ಲರ ಮನಸ್ಸಿನಲ್ಲಿದೆ. ಕಾಫಿ ತೋಟದ ನೆರಳು ಮರಗಳ ಕೆಳಗೆ 5.55 ಸೆಂಟಿಮೀಟರಿನ ಅಲೆ ಎಲೆಗಳಲ್ಲೇ ಚದುರಿಹೋಗುತ್ತದೆ, ನೆಲ ಮುಟ್ಟುವುದೇ ಕಷ್ಟ. ಅಲ್ಲಿಗೆ ಉದ್ದದ ಅಲೆ ಬೇಕು. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಿಸಾರ್, ನಾಸಾ ಮತ್ತು ಇಸ್ರೋ ಸೇರಿ ಮಾಡಿದ್ದು, ಸುಮಾರು 24 ಸೆಂಟಿಮೀಟರಿನ ಎಲ್ ಬ್ಯಾಂಡ್ ಅಲೆ ಬಳಸುತ್ತದೆ. ಅದೂ 12 ದಿನಕ್ಕೊಮ್ಮೆ ಅದೇ ದಾರಿಗೆ ಬರುತ್ತದೆ.

ನನ್ನ ಈಗಿನ ಮೂಲೆ ಅದಕ್ಕೆ ಸಾಲದು. ಅಲೆಯುದ್ದ ನಾಲ್ಕು ಪಟ್ಟಿಗಿಂತ ಹೆಚ್ಚಾದ್ದರಿಂದ 430 ಚದರ ಮೀಟರಿನ ಜಾಗದಲ್ಲಿ 23 ಅಷ್ಟೇ ಬರುತ್ತದೆ. ಅಷ್ಟೇ ಹೊಳಪು ಬೇಕೆಂದರೆ ಬದಿ ಒಂದೂವರೆ ಮೀಟರ್ ದಾಟಬೇಕು. ಲೆಕ್ಕ ಹಾಕಿದೆ: ಉದ್ದನೆಯ ಬದಿಯನ್ನು ಶೀಟಿನ ಎಂಟಡಿಯ ಗುಂಟ ಇಟ್ಟರೆ ಒಂದು ಶೀಟಿಗೆ ಒಂದು ತ್ರಿಕೋನ ಸರಿಯಾಗಿ ಕೂರುತ್ತದೆ, ಮೂಲೆಗೆ ಮೂರು ಶೀಟು. ನಿಸಾರ್ ಎಡಕ್ಕೆ ನೋಡುವುದರಿಂದ ಏರುದಾರಿಯಲ್ಲಿ ಅದೂ ನಮ್ಮ ಪೂರ್ವಕ್ಕೇ ಇರುತ್ತದೆ. ಬಾಯಿಯನ್ನು ಈಗಿರುವುದಕ್ಕಿಂತ ಸುಮಾರು 24 ಡಿಗ್ರಿ ಉತ್ತರಕ್ಕೆ ತಿರುಗಿಸಿದರಾಯಿತು. ಮೊದಲು ಅಂಗಳದಲ್ಲೇ ಒಂದನ್ನು ನಿಲ್ಲಿಸಿ ನೋಡುವ ಆಸೆಯಿತ್ತು. ತುಳಸಿಕಟ್ಟೆಗೆ ಬಿಸಿಲು ತಪ್ಪುತ್ತದೆ ಎಂದು ಚಿಕ್ಕಮ್ಮ ಒಪ್ಪಿಲ್ಲ. ಎದುರಿನ ಖಾಲಿ ಸೈಟಿನವರು ಬೆಂಗಳೂರಿನಲ್ಲಿದ್ದಾರೆ, ಹಬ್ಬಕ್ಕೆ ಬಂದಾಗ ಕೇಳಬೇಕು.